ಸುಳ್ಳು ಕರೆಯ ಬೆನ್ನು ಹತ್ತಿದ ಗುಂಯ್ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನೆಲಮಹಡಿಯ ಹಿಂಬದಿ ಕೋಣೆಯಲ್ಲಿ, ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಕುಳಿತು ಗುಂಯ್ ಅಕ್ಕ ಒಂದು ಗುಂಡಿಯನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದಾರೆ. ನಾಣ್ಯದಷ್ಟು ಅಗಲದ ಗುಂಡಿ. ಅದರಿಂದ ಹೊರಟ ಎರಡೆಳೆ ವೈರು ಕಬ್ಬಿಣದ ಮಂಚದ ಸರಳಿನ ಗುಂಟ ಹೋಗಿ, ದಿಂಬಿನ ಪಕ್ಕದಲ್ಲಿರುವ ಹಳೇ ಬಟನ್ ಫೋನಿನ ಹೊಟ್ಟೆ ಸೇರಿದೆ. ಮಂಚದ ಮೇಲೆ ಮಲಗಿರುವವರು ಪೇಂಟರಣ್ಣ. ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದವರು ಎತ್ತರದಿಂದ ಬಿದ್ದ ಮೇಲೆ ಕುತ್ತಿಗೆಯಿಂದ ಕೆಳಗೆ ಯಾವ ಅಂಗವೂ ಅವರ ಮಾತು ಕೇಳುವುದಿಲ್ಲ. ಗಂಟಲಿಗೂ ಪೆಟ್ಟಾಗಿದ್ದರಿಂದ ದನಿ ಪಿಸುಮಾತಿಗಿಂತ ಮೇಲೇಳುವುದಿಲ್ಲ. ಬಾಯಿಯ ಹತ್ತಿರ ಕಿವಿ ತಂದವರಿಗಷ್ಟೇ ಅವರು ಹೇಳಿದ್ದು ಕೇಳಿಸುತ್ತದೆ.

“ಒತ್ತಿ ಅಣ್ಣ,” ಎನ್ನುತ್ತಾರೆ ಅಕ್ಕ. ಪೇಂಟರಣ್ಣ ಗದ್ದದಿಂದ ಗುಂಡಿಯನ್ನು ಅದುಮಿ ಹಿಡಿಯುತ್ತಾರೆ. ಒಲೆಯ ಮುಂದೆ ನಿಂತಿರುವ ಹೆಂಡತಿಯ ಏಪ್ರನ್ ಜೇಬಿನಲ್ಲಿ ಫೋನು ನಡುಗುತ್ತದೆ. “ಬಂತು ಅಕ್ಕ,” ಎನ್ನುತ್ತಾರೆ ಆಕೆ. “ಇನ್ನೊಂದ್ಸಲ ಅಣ್ಣ.” ಮತ್ತೆ ನಡುಗುತ್ತದೆ. ಎಲ್ಲವೂ ಸರಿಯಾಗಿದೆ. ಸರಿಯಾಗಿದೆ ಎಂದು ಗೊತ್ತಾದಷ್ಟೂ ಅಕ್ಕನ ಮುಖ ಸಪ್ಪಗಾಗುತ್ತಿದೆ. ರಿಪೇರಿ ಮಾಡುವವರಿಗೆ ಕೆಟ್ಟುಹೋದ ವಸ್ತುವಿನಿಂದ ಅಂಥ ತೊಂದರೆಯೇನಿಲ್ಲ. ತಮ್ಮ ಎದುರಿಗೆ ಮಾತ್ರ ಸರಿಯಾಗಿರುವ ವಸ್ತು ಅವರ ಜೀವ ಹಿಂಡುತ್ತದೆ.

“ನೋಡಿ, ಎಷ್ಟು ಸಾಧು ಥರ ಕೂತಿದೆ,” ಎಂದು ಅಕ್ಕ ಫೋನಿನ ಕಡೆ ಗದ್ದ ಎತ್ತಿ ತೋರಿಸುತ್ತಾರೆ. “ನಾನು ಆಚೆ ಹೋಗ್ತಿದ್ದ ಹಾಗೆ ತನ್ನ ಬುದ್ಧಿ ತೋರಿಸುತ್ತೆ.”

ಅಕ್ಕ ನಿದ್ದೆಗೆಟ್ಟಿದ್ದಾರೆ. ಕಣ್ಣಿನ ಕೆಳಗೆ ಕಪ್ಪು ಕಟ್ಟಿದೆ, ಬಲ ಭುಜ ಎಡಕ್ಕಿಂತ ತುಸು ಕೆಳಗಿದೆ. ವರ್ಷಗಟ್ಟಲೆ ಸೋಲ್ಡರಿಂಗ್ ಕಡ್ಡಿ ಹಿಡಿದು ಬಾಗಿದ್ದರ ಫಲ ಅದು. ನಮ್ಮ ಪತ್ರಿಕೆಯ ವಾರಾಂತ್ಯದ ಪುಟಕ್ಕೆ ನಿಮ್ಮ ಬಗ್ಗೆ ಬರೆಯುತ್ತೇನೆ ಎಂದಾಗ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಈಗ ಬೇಡ, ಒಂದು ಕೆಲಸ ಕೈಯಲ್ಲಿ ಕೆಟ್ಟು ಕೂತಿದೆ,” ಎಂದಿದ್ದರು. ಆ ಕೆಟ್ಟ ಕೆಲಸವನ್ನೇ ನೋಡುತ್ತೇನೆ ಎಂದು ನಾನು ಹಟ ಹಿಡಿದೆ. ಹಾಗಾಗಿ ಈ ಹೊತ್ತಿಲ್ಲದ ಹೊತ್ತಿನಲ್ಲಿ, ಆಕಳಿಕೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಈ ಮನೆಯ ಬಾಗಿಲ ಪಕ್ಕದಲ್ಲಿ ನಿಂತಿದ್ದೇನೆ. ಹೆಂಡತಿ ಕೆಲಸಕ್ಕೆ ಹೊರಡುವ ಮುಂಚೆ ಬರಬೇಕು, ಅಂಗಡಿ ತೆರೆಯುವ ಮುಂಚೆ ಮುಗಿಸಬೇಕು. ಅಕ್ಕನಿಗೆ ಸಿಗುವ ಸಮಯ ಇಷ್ಟೇ.

ಈ ಫೋನಿನ ಕಥೆ ಹೀಗಿದೆ. ಪೇಂಟರಣ್ಣನ ಹೆಂಡತಿ ಎರಡು ಬೀದಿ ಆಚೆಗಿನ ದೊಡ್ಡ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾರೆ. ಆಸ್ಪತ್ರೆಗಳ, ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಬರುವುದು ಅಲ್ಲಿಗೇ. ಗಂಡನನ್ನು ಒಬ್ಬರನ್ನೇ ಬಿಟ್ಟು ಹೋಗಬೇಕು. ಏನಾದರೂ ಆದರೆ ಕರೆಯುವುದು ಹೇಗೆ? ಕೈ ಇಲ್ಲ, ದನಿ ಇಲ್ಲ. ಆಗ ಯಾರೋ ಗುಂಯ್ ಅಕ್ಕನ ಅಂಗಡಿ ತೋರಿಸಿದರು. ಅಕ್ಕ ಹಳೇ ಬಟನ್ ಫೋನೊಂದನ್ನು ಬಿಚ್ಚಿ, ಅದರ ಒಂದು ಅಂಕಿಯ ಕೀಲಿಯಿಂದ ಎರಡು ಸಣ್ಣ ವೈರು ಹೊರಗೆಳೆದು, ಗದ್ದದ ಬಳಿ ಇಡುವ ಗುಂಡಿಗೆ ಜೋಡಿಸಿಕೊಟ್ಟರು. ಗದ್ದದಿಂದ ಅದುಮಿ ಹಿಡಿದರೆ, ಆ ಅಂಕಿಯನ್ನು ಬೆರಳಿನಿಂದ ಅದುಮಿ ಹಿಡಿದಂತೆ. ಫೋನು ನೇರ ಹೆಂಡತಿಯ ನಂಬರಿಗೆ ಕರೆ ಮಾಡುತ್ತದೆ. ಲಾಂಡ್ರಿಯ ಮಷಿನ್ನುಗಳ ಅಬ್ಬರದಲ್ಲಿ ಪಿಸುಮಾತು ಕೇಳಿಸುವ ಹಾಗಿಲ್ಲ, ಕೇಳಿಸಬೇಕಾದ ಅಗತ್ಯವೂ ಇಲ್ಲ. ಜೇಬು ನಡುಗಿದರೆ ಓಡಿಬರಬೇಕು, ಅಷ್ಟೇ ಒಪ್ಪಂದ.

ಮೊದಲ ವಾರ ಚೆನ್ನಾಗಿತ್ತು. ಆಮೇಲೆ ಫೋನು ತನ್ನಷ್ಟಕ್ಕೇ ಕರೆಯತೊಡಗಿತು.

“ಜೀವ ಬಾಯಿಗೆ ಬಂದಿತ್ತು,” ಎನ್ನುತ್ತಾರೆ ಹೆಂಡತಿ, ಟೀ ಲೋಟವನ್ನು ನನ್ನ ಕೈಗಿಡುತ್ತಾ. “ಓಡಿಬಂದು ನೋಡಿದ್ರೆ ಇವ್ರು ಆರಾಮಾಗಿ ನಿದ್ದೆ ಮಾಡ್ತಿದ್ರು. ಎಬ್ಬಿಸಿ ಕೇಳ್ದೆ, ಯಾಕ್ರೀ ಕರೆದ್ರಿ ಅಂತ. ನಾನೆಲ್ಲಿ ಕರೆದೆ ಅಂದ್ರು. ನಿದ್ದೇಲಿ ಗದ್ದ ತಾಗಿರ್ಬೇಕು ಅಂದ್ಕೊಂಡು ಸುಮ್ಮನಾದೆ. ಮಾರನೇ ದಿನ ಮತ್ತೆ. ಅದರ ಮಾರನೇ ದಿನ ಎರಡು ಸಲ. ನಮ್ಮ ಸೂಪರ್‌ವೈಸರ್ ಒಳ್ಳೆಯವ್ರೇ, ಹೋಗಿ ಬಾಮ್ಮ ಅಂತ ಬಿಡೋರು. ಆದ್ರೆ ಅವ್ರಾದ್ರೂ ಎಷ್ಟು ಸಲ ಬಿಡ್ತಾರೆ ಹೇಳಿ. ಮಷಿನ್ನು ನಿಲ್ಲಿಸಿ ಹೋಗೋದಲ್ವಾ.”

ಹೀಗೇ ನಡೆಯುತ್ತಿದ್ದಾಗ ಒಂದು ದಿನ ಜೇಬು ನಡುಗಿತು. ಆಕೆ ಫೋನು ತೆಗೆದು ನೋಡಿದರು. ನೋಡಿ, ಮತ್ತೆ ಜೇಬಿಗೇ ಹಾಕಿಕೊಂಡರು.

“ಇದು ಅದರದ್ದೇ ಆಟ ಅಂದ್ಕೊಂಡೆ,” ಎನ್ನುವಾಗ ಆಕೆ ಗಂಡನ ಕಡೆ ನೋಡುವುದಿಲ್ಲ. “ಕೈಲಿದ್ದ ಬಟ್ಟೆ ಮುಗಿಸಿ, ಟೀ ಬಿಡುವಿನಲ್ಲಿ ಮನೆಗೆ ಬಂದೆ. ಇವ್ರ ತಲೆ ದಿಂಬಿಂದ ಜಾರಿ, ಮಂಚದ ಸರಳಿಗೆ ಸಿಕ್ಕಿಹಾಕ್ಕೊಂಡಿತ್ತು. ಉಸಿರು ಎಳೀತಿದ್ರು. ತುಟಿ ನೀಲಿ ಆಗಿತ್ತು. ಅವತ್ತು ತಲೆ ಜಾರ್ತಿದ್ದಾಗ ನಿಜವಾಗ್ಲೂ ಕರೆದಿದ್ರು. ನಾನು ಬರ್ಲಿಲ್ಲ.”

ಕಿಟಕಿ ಕಟ್ಟೆಯ ಮೇಲಿನ ಸಣ್ಣ ರೇಡಿಯೋ ತಗ್ಗಿದ ದನಿಯಲ್ಲಿ ಹಾಡುತ್ತಿದೆ. ಅದು ದಿನವಿಡೀ ಹಾಡುತ್ತದಂತೆ, ಪೇಂಟರಣ್ಣನಿಗೆ ಇರುವ ಜೊತೆ ಅದೊಂದೇ. ಅಕ್ಕ ಭೂತಗನ್ನಡಿಯನ್ನು ಒರೆಸಿದ್ದನ್ನೇ ಒರೆಸುತ್ತಿದ್ದಾರೆ. ಅವರಿಗೆ ಈ ಕಥೆ ಗೊತ್ತು, ಆದರೂ ಮತ್ತೆ ಕೇಳುವುದು ಕಷ್ಟ. ಆ ಫೋನು ಮಾಡಿಕೊಟ್ಟವರು ಅವರೇ.

ಪೇಂಟರಣ್ಣನ ದೊಡ್ಡಣ್ಣ ಒಬ್ಬರು ದೂರದ ಪಟ್ಟಣದಲ್ಲಿದ್ದಾರೆ. ವಿಷಯ ಕೇಳಿದವರೇ, ಇನ್ನು ಒಬ್ಬನನ್ನೇ ಬಿಡುವ ಹಾಗಿಲ್ಲ, ನಮ್ಮ ಕಡೆ ಒಂದು ಆರೈಕೆ ಮನೆಯಿದೆ, ಅಲ್ಲಿ ಸೇರಿಸೋಣ ಎಂದು ಹಟ ಹಿಡಿದಿದ್ದಾರೆ. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ಸೇರಿಸಿದರೆ ಗಂಡ ಅಲ್ಲಿ, ಹೆಂಡತಿ ಇಲ್ಲಿ. ಲಾಂಡ್ರಿ ಕೆಲಸ ಬಿಟ್ಟರೆ ಇಬ್ಬರಿಗೂ ಅನ್ನವಿಲ್ಲ. ಫೋನು ಸರಿಯಾಗುತ್ತದಾ ನೋಡುತ್ತೇನೆ, ಅಲ್ಲಿಯವರೆಗೆ ತಡೆಯಿರಿ ಭಾವ ಎಂದು ಈಕೆ ಬೇಡಿಕೊಂಡಿದ್ದಾರೆ. ಅಲ್ಲಿಗೆ ಈ ಸಂಸಾರ ಒಟ್ಟಿಗೆ ಇರುವುದೋ ಬಿಡುವುದೋ ಎನ್ನುವುದು ನಾಣ್ಯದಗಲದ ಒಂದು ಗುಂಡಿಗೆ ಬಂದು ನಿಂತಿದೆ.

“ಸುಳ್ಳು ಹೇಳೋ ಫೋನ್ ಇರೋದಕ್ಕಿಂತ ಫೋನೇ ಇಲ್ಲದೆ ಇರೋದು ವಾಸಿ,” ಎನ್ನುತ್ತಾರೆ ಅಕ್ಕ. “ಇಲ್ಲ ಅಂದ್ರೆ ಇವಳು ಗಂಟೆಗೊಂದು ಸಲ ಬಂದು ನೋಡ್ಕೊಂಡು ಹೋಗ್ತಿದ್ಳು. ಇದನ್ನ ನಂಬಿ ಬರೋದು ಬಿಟ್ಳು. ಆಮೇಲೆ ಇದನ್ನೂ ನಂಬೋದು ಬಿಟ್ಳು. ಇವಳ ತಪ್ಪಲ್ಲ ಅದು, ನನ್ನದು.”

ಗುಂಯ್ ಅಕ್ಕನ ಅಂಗಡಿ ಎಂದರೆ ಅರ್ಧ ಅಂಗಡಿ. ಇನ್ನರ್ಧ ಬೀಗದ ಕೈ ಮಾಡುವವರದು. ಒಂದೇ ಷಟರು, ನಡುವೆ ಒಂದು ಹಲಗೆ. ಆ ಕಡೆ ಕೀಲಿ ಉಜ್ಜುವ ಕಿರ್ರೆನ್ನುವ ಸದ್ದು, ಈ ಕಡೆ ಸೀಸ ಕರಗುವ ಹೊಗೆ. ಅಕ್ಕನ ಮೇಜಿನ ಮೇಲೆ ಬಿಚ್ಚಿದ ಫೋನುಗಳು ಸಾಲಾಗಿ ಅಂಗಾತ ಮಲಗಿರುತ್ತವೆ. ಬೀದಿಯ ಆಚೆ ಬದಿಯ ಕಟ್ಟಡದ ತಾರಸಿಯ ಮೇಲೆ ಮೊಬೈಲ್ ಟವರು ಎದ್ದು ನಿಂತಿದೆ, ಅದರ ನೆರಳು ಸಂಜೆ ಅಂಗಡಿಯ ಹೊಸ್ತಿಲವರೆಗೆ ಬರುತ್ತದೆ. ಮೊಬೈಲ್ ರಿಪೇರಿ ಅಂಗಡಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು ಎಂದು ಅಕ್ಕ ಮೊದಲ ದಿನ ನನಗೆ ಹೇಳಿದ್ದರು.

ಈ ಹೆಸರು ಬಂದದ್ದು ಅಂಗಡಿಯಿಂದಲ್ಲ. ಹುಡುಗಿಯಾಗಿದ್ದಾಗಲೇ ಅಕ್ಕ ರೇಡಿಯೋ ಕಾರ್ಖಾನೆಯೊಂದಕ್ಕೆ ಸೇರಿದರು. ಸಾಲಿನ ಕೊನೆಯಲ್ಲಿ ಒಂದು ಸಣ್ಣ ಗೂಡು, ಗೋಡೆಗೆಲ್ಲ ಮೆತ್ತೆ. ತಯಾರಾದ ರೇಡಿಯೋಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು, ಹಾಡಿನ ಹಿಂದೆ ಬೇರೆ ಸದ್ದೇನಾದರೂ ಇದೆಯೇ ಎಂದು ಕೇಳುವುದು ಅವರ ಕೆಲಸ. ಇದ್ದರೆ “ಗುಂಯ್ ಇದೆ” ಎಂದು ಪಕ್ಕಕ್ಕಿಡಬೇಕು. ಪಕ್ಕಕ್ಕಿಟ್ಟದ್ದನ್ನು ಬಿಚ್ಚಿ ಮತ್ತೆ ಕಟ್ಟಬೇಕಾದವರು ಗೊಣಗುತ್ತಾ ಈ ಹೆಸರಿಟ್ಟರು. ಕಾರ್ಖಾನೆ ಮುಚ್ಚಿತು, ಹೆಸರು ಉಳಿಯಿತು. ಈಗ ಬೀದಿಯ ಮಕ್ಕಳಿಗೂ ಅವರು ಗುಂಯ್ ಅಕ್ಕನೇ.

“ಹಾಡು ಕೇಳೋ ಕೆಲಸ ಅಂತ ಎಲ್ರೂ ಹೊಟ್ಟೆ ಉರ್ಕೊಳ್ಳೋರು,” ಎಂದು ಅಕ್ಕ ನಗುತ್ತಾರೆ. “ಒಂದು ಹಾಡೂ ಕೇಳಿಲ್ಲ ನಾನು. ಹಾಡು ಬಿಟ್ಟು ಮಿಕ್ಕಿದ್ದನ್ನೇ ಕೇಳಿದ್ದು. ಈಗ್ಲೂ ಯಾರಾದ್ರೂ ಚೆನ್ನಾಗಿ ಹಾಡಿದ್ರೆ ನನಗೆ ಗೊತ್ತಾಗಲ್ಲ, ಫ್ಯಾನಿನ ಸದ್ದೇ ಮೊದ್ಲು ಕಿವಿಗೆ ಬೀಳೋದು.”

ಮನೆಯಲ್ಲಿ ಗಂಡ ಇದ್ದಾರೆ. ರಾತ್ರಿ ಸರಕು ಸಾಗಿಸುವ ವ್ಯಾನು ಓಡಿಸುತ್ತಾರೆ, ಹಗಲು ನಿದ್ದೆ ಮಾಡುತ್ತಾರೆ. ಇವರು ಅಂಗಡಿಗೆ ಇಳಿಯುವಾಗ ಅವರು ಮನೆಗೆ ಹತ್ತುತ್ತಾರೆ. “ಮದುವೆ ಆದಾಗಿಂದ ನಾವಿಬ್ರೂ ಸಂಸಾರ ಮಾಡಿದ್ದೆಲ್ಲ ಮೆಟ್ಟಿಲ ಮೇಲೇ. ಹಾಲು ತಂದಿದ್ದೀರಾ, ಗ್ಯಾಸ್ ಆಫ್ ಮಾಡಿದ್ಯಾ, ಇಷ್ಟೇ ಮಾತು. ಅದಕ್ಕೇ ಜಗಳ ಆಗಿಲ್ಲ,” ಎನ್ನುತ್ತಾರೆ ಅಕ್ಕ. ಮಗಳು ಓದು ಮುಗಿಸಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಾಳೆ. ಅಮ್ಮನ ಅಂಗಡಿಗೆ ಬಂದರೆ ಮೂಗು ಮುಚ್ಚಿಕೊಂಡೇ ಕೂರುತ್ತಾಳೆ, ಸೀಸದ ಹೊಗೆ ಅವಳಿಗೆ ಆಗುವುದಿಲ್ಲ. ಸಾಕು ಮಾಡಮ್ಮ, ಕಣ್ಣು ಹೋಗುತ್ತೆ ಎನ್ನುವುದು ಅವಳ ನಿತ್ಯದ ಮಂತ್ರ. ಅಕ್ಕ ಅದಕ್ಕೆ ಹೂಂಗುಟ್ಟಿ ಮತ್ತೊಂದು ಫೋನು ಬಿಚ್ಚುತ್ತಾರೆ.

ಬರುವ ಗಿರಾಕಿಗಳಲ್ಲಿ ಹೆಚ್ಚಿನವರದು ಒಡೆದ ಗಾಜು, ಚಾರ್ಜ್ ಆಗದ ಬಾಯಿ. ಹಳೇ ಫೋನು ಬಿಚ್ಚಿ ಹೊಸ ಉಪಯೋಗಕ್ಕೆ ಒಗ್ಗಿಸಿಕೊಡುವ ಕೆಲಸ ಆಗೀಗ ಬರುತ್ತದೆ. ಕಣ್ಣು ಕಾಣದವರೊಬ್ಬರಿಗೆ ದಪ್ಪ ಗುಂಡಿ, ಕಿವಿ ಮಂದವಾದ ವಾಚ್‌ಮನ್‌ಗೆ ಕರೆ ಬಂದಾಗ ಉರಿಯುವ ಕೆಂಪು ದೀಪ. ಅದರಲ್ಲಿ ಗಿಟ್ಟುವುದು ಏನೂ ಇಲ್ಲ ಎಂದು ಹಲಗೆಯ ಆಚೆಯಿಂದ ಬೀಗದ ಕೈಯವರು ತಾವಾಗಿ ಮಾಹಿತಿ ಕೊಡುತ್ತಾರೆ. “ಬರ್ಕೊಳ್ಳಿ ಪೇಪರ್‌ನೋರೇ, ಈಯಮ್ಮನಿಗೆ ವ್ಯಾಪಾರ ಬರಲ್ಲ. ನನ್ನ ಹತ್ರ ಬೀಗ ಕೆಟ್ಟಿದೆ ಅಂತ ಬಂದ್ರೆ ಹೊಸ ಬೀಗ ಮಾರ್ತೀನಿ. ಈಯಮ್ಮ ಕೂತು ಬೀಗದ ಕಷ್ಟಸುಖ ವಿಚಾರಿಸ್ತಾರೆ.”

“ನಿಮ್ಮ ಬೀಗ ಒಂದು ವರ್ಷ ಬಾಳಿದ್ರೆ ಆಮೇಲೆ ಮಾತಾಡಿ,” ಎನ್ನುತ್ತಾರೆ ಅಕ್ಕ, ತಲೆ ಎತ್ತದೆ.

ಆ ಸುಳ್ಳು ಕರೆಯ ಫೋನು ಈ ಮೇಜಿನ ಮೇಲೆ ಮೂರು ಸಲ ಬಂದು ಕೂತು ಹೋಗಿದೆ. ಪೇಂಟರಣ್ಣನ ಬಾಯಿಯ ಪಸೆ ಗುಂಡಿಗೆ ತಾಗಿ ಹೀಗಾಗುತ್ತಿರಬೇಕು ಎಂದು ಅಕ್ಕ ಗುಂಡಿ ಬದಲಿಸಿದರು. ಬದಲಿಸಿದ ಗುಂಡಿಗೆ ರಬ್ಬರಿನ ಟೊಪ್ಪಿ ಹಾಕಿದರು. ಬೆಸುಗೆ ಬಿಟ್ಟಿರಬೇಕು ಎಂದು ಎಲ್ಲ ಬೆಸುಗೆಯನ್ನೂ ಬಿಚ್ಚಿ ಹೊಸದಾಗಿ ಹಾಕಿದರು. ಪ್ರತಿಸಲವೂ ಎರಡು ಮೂರು ದಿನ ಎದುರಿಗಿಟ್ಟುಕೊಂಡು ಕಾದರು. ಒಂದೇ ಒಂದು ಸುಳ್ಳು ಕರೆ ಹೋಗಲಿಲ್ಲ. ಮನೆಗೆ ಕೊಟ್ಟ ಮಾರನೇ ದಿನವೇ ಮತ್ತೆ ಶುರು. ಮೂಲೆಯ ಮೊಬೈಲ್ ಮಳಿಗೆಯ ಮಾಲೀಕರು ಕನಿಕರದಿಂದಲೇ ಹೊಸ ಮಾದರಿಯ ಸಾಧನವೊಂದನ್ನು ತೋರಿಸಿದರು, ಕರೆದರೆ ಓಗೊಡುತ್ತದೆ ಎಂದರು. ಕರೆಯಲು ದನಿ ಬೇಕಲ್ಲ ಎಂದು ಅಕ್ಕ ಹೇಳಿದಾಗ ಅವರು ಅದನ್ನು ಮತ್ತೆ ಕಪಾಟಿನಲ್ಲಿಟ್ಟರಂತೆ.

“ಸಾಕಾಗಿ ಹೋಗಿತ್ತು,” ಎನ್ನುತ್ತಾರೆ ಅಕ್ಕ. “ಒಂದಿನ ಫೋನ್ ಮುಂದೆ ಕೂತು ಅತ್ತುಬಿಟ್ಟೆ. ಬೀಗದ ಕೈಯವ್ರು ಹೊಗೆ ಕಣ್ಣಿಗೆ ಹೋಯ್ತಾ ಅಂದ್ರು. ಹೌದು ಅಂದೆ.”

ಈ ಹಿನ್ನೆಲೆ ಇಟ್ಟುಕೊಂಡೇ ಅಕ್ಕ ಈ ಬೆಳಿಗ್ಗೆ ಇಲ್ಲಿ ಬಕೆಟ್ಟಿನ ಮೇಲೆ ಕುಳಿತಿರುವುದು. ಹೆಂಡತಿ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಗಂಡನ ತುಟಿಗೆ ಕೊನೆಯ ಗುಟುಕು ನೀರು ಹಾಕಿ, ಬಾಯಿ ಒರೆಸಿ, “ಬರ್ತೀನ್ರೀ,” ಎಂದು ಹೊಸ್ತಿಲು ದಾಟುತ್ತಾರೆ. ಅಕ್ಕ ಭೂತಗನ್ನಡಿಯನ್ನು ಚೀಲಕ್ಕೆ ಹಾಕುತ್ತಾರೆ. ಇವತ್ತೂ ಬರಿಗೈಯಲ್ಲೇ ಹೋಗುವುದು ಎಂದು ಅವರ ಬೆನ್ನೇ ಹೇಳುತ್ತಿದೆ.

ಆಗ ಪೇಂಟರಣ್ಣನ ತುಟಿ ಅಲುಗುತ್ತದೆ. ಅಕ್ಕ ಬಗ್ಗಿ ಕಿವಿ ಕೊಡುತ್ತಾರೆ. ಬಹಳ ಹೊತ್ತು ಹಾಗೇ ಬಗ್ಗಿರುತ್ತಾರೆ. ಮೇಲೆದ್ದಾಗ ಅವರ ಮುಖ ಬೇರೆಯೇ ಆಗಿದೆ.

“ಏನಂದ್ರು?” ಎನ್ನುತ್ತೇನೆ ನಾನು.

“ರೇಡಿಯೋ ಗೊಣಗುತ್ತಂತೆ.”

ಅಕ್ಕ ಬಿಡಿಸಿ ಹೇಳುತ್ತಾರೆ. ಪೇಂಟರಣ್ಣ ತಾವಾಗಿ ಗದ್ದ ಒತ್ತಿದಾಗ, ಮೊದಲು ಫೋನು ಕರೆ ಮಾಡುತ್ತದೆ, ಆಮೇಲೆ ಕಿಟಕಿಯ ಮೇಲಿನ ರೇಡಿಯೋದಲ್ಲಿ ಟಕಟಕ ಗುರ್ರ್ ಎಂಬ ಸದ್ದು ಬರುತ್ತದೆ. ಸುಳ್ಳು ಕರೆ ಹೋಗುವಾಗ ಇದು ಉಲ್ಟಾ. ಮೊದಲು ರೇಡಿಯೋ ಗೊಣಗುತ್ತದೆ, ಒಂದೆರಡು ಉಸಿರು ಕಳೆದ ಮೇಲೆ ಫೋನು ತಾನಾಗಿ ಕರೆಯುತ್ತದೆ. ದಿನವಿಡೀ ಮಲಗಿರುವ ಮನುಷ್ಯ ಇದನ್ನು ಎಷ್ಟೋ ಸಲ ಕೇಳಿದ್ದಾರೆ. ಹೇಳಲು ನೋಡಿದ್ದಾರೆ. ಹೆಂಡತಿಗೆ ಹೊರಡುವ ಅವಸರ, ಅಕ್ಕನಿಗೆ ಗುಂಡಿಯ ಮೇಲೇ ಕಣ್ಣು. ಯಾರೂ ಬಗ್ಗಲಿಲ್ಲ.

“ಹೆಂಡ್ತೀನ ಕೇಳ್ದೆ, ಫೋನನ್ನ ಕೇಳ್ದೆ, ಬೆಸುಗೇನ ಕೇಳ್ದೆ,” ಎಂದು ಅಕ್ಕ ಹಣೆ ಒತ್ತಿಕೊಳ್ಳುತ್ತಾರೆ. “ಮಂಚದ ಮೇಲಿರೋರನ್ನ ಕೇಳ್ಲಿಲ್ಲ. ಗೂಡಲ್ಲಿ ಕೂತು ಹಗಲೆಲ್ಲ ಕೇಳೋದೇ ನನ್ನ ಕೆಲಸ ಆಗಿತ್ತು, ಅದನ್ನೇ ಇವ್ರು ಮಾಡ್ತಿದ್ದಾರೆ ಅಂತ ನನಗೆ ಹೊಳೀಲಿಲ್ಲ.” ಆಮೇಲೆ ಪೇಂಟರಣ್ಣನ ಕಡೆ ತಿರುಗಿ, “ಕ್ಷಮಿಸಿಬಿಡಿ ಅಣ್ಣ,” ಎನ್ನುತ್ತಾರೆ. ಪೇಂಟರಣ್ಣ ಕಣ್ಣು ಮುಚ್ಚಿ ತೆರೆಯುತ್ತಾರೆ. ಅವರು ತಲೆಯಾಡಿಸುವ ರೀತಿ ಅದು.

ಅಕ್ಕ ತಮ್ಮ ಫೋನಿನಿಂದ ದಿಂಬಿನ ಪಕ್ಕದ ಫೋನಿಗೆ ಒಂದು ಮೆಸೇಜು ಕಳಿಸುತ್ತಾರೆ. ನಾವು ಮೂವರೂ ರೇಡಿಯೋ ಕಡೆ ಕಿವಿಯಿಟ್ಟು ಕಾಯುತ್ತೇವೆ. ಹಾಡಿನ ನಡುವೆ ರೇಡಿಯೋ ಟಕಟಕ ಎಂದು ಗೊಣಗುತ್ತದೆ. ಗುಂಡಿಯನ್ನು ಯಾರೂ ಮುಟ್ಟಿಲ್ಲ. ಆದರೂ ಫೋನಿನ ಪರದೆ ಬೆಳಗಿ, ಕರೆ ಹೊರಡುತ್ತದೆ. ಎರಡು ಬೀದಿ ಆಚೆ ಲಾಂಡ್ರಿಗೆ ಇನ್ನೂ ತಲುಪದ ಹೆಂಡತಿಯ ಜೇಬು ನಡುಗಿರಬೇಕು. ಅಕ್ಕ ತಟ್ಟನೆ ಕರೆ ಕತ್ತರಿಸಿ, ತಮ್ಮ ಫೋನಿನಿಂದ ಆಕೆಗೆ ಹೇಳುತ್ತಾರೆ: “ಬರ್ಬೇಡಮ್ಮ, ನಾನೇ ಮಾಡಿದ್ದು. ಕಳ್ಳ ಸಿಕ್ಕಿದ.”

ಕಳ್ಳ ಯಾರು ಎನ್ನುವುದನ್ನು ಅಕ್ಕ ನನಗೆ ಹೇಳಿದ ರೀತಿಯಲ್ಲೇ ಹೇಳುತ್ತೇನೆ. ಫೋನು ಸುಮ್ಮನೆ ಬಿದ್ದಿದ್ದರೂ ಆಗಾಗ ಟವರಿನ ಜೊತೆ ಮಾತಾಡುತ್ತದೆ. ಯಾವುದೋ ಜಾಹೀರಾತಿನ ಮೆಸೇಜು ಬಂದರೂ, ಬಂತು ಎಂದು ಉತ್ತರ ಕೊಡುತ್ತದೆ. ಈ ಹೊಸ ಸಿಮ್ಮಿಗೆ ಅಂಥ ಮೆಸೇಜು ಬರತೊಡಗಿದ್ದು ಮೊದಲ ವಾರ ಕಳೆದ ಮೇಲೆ. ಟವರು ಹತ್ತಿರವಿದ್ದರೆ ಮೆಲ್ಲಗೆ ಮಾತಾಡಿದರೆ ಸಾಕು. ದೂರವಿದ್ದರೆ, ನಡುವೆ ದಪ್ಪ ಗೋಡೆಗಳಿದ್ದರೆ, ಕಿರುಚಬೇಕು. ಅಕ್ಕನ ಅಂಗಡಿಯ ಎದುರಿಗೇ ಟವರು. ಅಲ್ಲಿ ಫೋನು ಪಿಸುಗುಟ್ಟುತ್ತಿತ್ತು. ಈ ಹಿಂಬದಿ ಕೋಣೆಯಲ್ಲಿ ಕಿರುಚುತ್ತದೆ. ಗದ್ದದಿಂದ ಬರುವ ಉದ್ದನೆಯ ವೈರು ರೇಡಿಯೋದ ಏರಿಯಲ್ ತಂತಿಯ ಹಾಗೆ ಆ ಕಿರುಚಾಟವನ್ನು ಹಿಡಿದು, ವಾಪಸು ಫೋನಿನ ಕೀಲಿಗೇ ತಂದು ಸುರಿಯುತ್ತದೆ. ಯಾರೋ ಗುಂಡಿ ಒತ್ತಿದರು ಎಂದು ಫೋನು ತಿಳಿಯುತ್ತದೆ.

“ತನ್ನ ಕೂಗನ್ನೇ ಇವ್ರ ಕೂಗು ಅಂದ್ಕೊಂಡು ಓಡ್ತಿತ್ತು ಪಾಪ,” ಎನ್ನುತ್ತಾರೆ ಅಕ್ಕ. ಇಷ್ಟು ಕಾಡಿದ ವಸ್ತುವಿಗೆ ಪಾಪ ಎನ್ನುವವರನ್ನು ನಾನು ಇವರೊಬ್ಬರನ್ನೇ ನೋಡಿದ್ದು.

ಕಳ್ಳ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅಂಗಡಿಯಲ್ಲಿ ಮಾಡಿದರೆ ಸರಿಯಾಯಿತೋ ಇಲ್ಲವೋ ತಿಳಿಯುವುದಿಲ್ಲವಾದ್ದರಿಂದ, ಅಕ್ಕ ಸೋಲ್ಡರಿಂಗ್ ಕಡ್ಡಿ, ದೀಪ, ಡಬ್ಬಿಗಳನ್ನೆಲ್ಲ ಇಲ್ಲಿಗೇ ಹೊತ್ತು ತರುತ್ತಾರೆ. ದಿನಾ ಬೆಳಿಗ್ಗೆ ಇದೇ ಬಕೆಟ್ಟು, ಇದೇ ಮಂದ ಬೆಳಕು. ಮಾಮೂಲಿ ವೈರನ್ನು ಕಿತ್ತು, ಸುತ್ತಲೂ ಲೋಹದ ಜಾಲರಿ ಇರುವ ಮೈಕಿನ ವೈರು ಹಾಕುತ್ತಾರೆ. ಗೊಣಗಾಟ ಕಡಿಮೆಯಾಗುತ್ತದೆ, ಸುಳ್ಳು ಕರೆ ನಿಲ್ಲುವುದಿಲ್ಲ. ಹಳೇ ಕಂಪ್ಯೂಟರ್ ವೈರಿನ ತುದಿಯಲ್ಲಿ ದಪ್ಪ ಗಂಟಿನ ಹಾಗೆ ಇರುತ್ತದಲ್ಲ, ಇಂಥ ಗೊಣಗಾಟ ತಡೆಯಲೆಂದೇ ಒಳಗೆ ಕಪ್ಪು ಬಿಲ್ಲೆಯಿರುವ ಆ ಗಂಟನ್ನು ತೆಗೆದು ಇದರ ಕುತ್ತಿಗೆಗೆ ಸಿಕ್ಕಿಸುತ್ತಾರೆ. ಹತ್ತು ಮೆಸೇಜಿಗೆ ಒಂದು ಸುಳ್ಳು ಕರೆ ಎಂಬಲ್ಲಿಗೆ ಬರುತ್ತದೆ. “ಹತ್ತಕ್ಕೊಂದು ಅಂದ್ರೂ ಸುಳ್ಳೇ,” ಎಂದು ಅಕ್ಕ ಮತ್ತೆ ಬಿಚ್ಚುತ್ತಾರೆ. ಫೋನಿನ ಒಳಗೆ, ವೈರು ಕೀಲಿಯನ್ನು ಸೇರುವ ಜಾಗದಲ್ಲಿ, ಎಳ್ಳಿಗಿಂತ ಸಣ್ಣ ಕೆಪಾಸಿಟರೊಂದನ್ನು ಬೆಸೆಯುತ್ತಾರೆ. ಈ ಕಿರುಚಾಟ ಕೀಲಿಗೆ ತಲುಪುವ ಮುಂಚೆಯೇ ಅದು ಹೀರಿಕೊಳ್ಳಬೇಕು. ಬೆಸೆಯುವಾಗ ಚಿಮಟದ ಹಿಡಿತ ತಪ್ಪಿ, ಕೆಪಾಸಿಟರ್ ಚಿಮ್ಮಿ ನೆಲದಲ್ಲಿ ಎಲ್ಲೋ ಮಾಯವಾಗುತ್ತದೆ. ನಾವಿಬ್ಬರೂ ಮಂಡಿಯೂರಿ ಹುಡುಕುತ್ತೇವೆ, ಸಿಗುವುದಿಲ್ಲ. ಅಕ್ಕ ಗೋಡೆಗೊರಗಿ ಕೂತುಬಿಡುತ್ತಾರೆ.

“ಮೊದ್ಲೆಲ್ಲ ಕಣ್ಣು ಮುಚ್ಕೊಂಡು ಹಾಕ್ತಿದ್ದೆ ಇದನ್ನ,” ಎನ್ನುತ್ತಾರೆ. “ಈಗ ಕಣ್ಣು ಬಿಟ್ಕೊಂಡ್ರೂ ಆಗ್ತಿಲ್ಲ. ಬೆನ್ನಿರೋ ಕುರ್ಚಿ ಒಂದು, ಒಳ್ಳೆ ಕನ್ನಡಕ ಒಂದು. ದೇವ್ರಾಣೆ ಇನ್ನೇನೂ ಬೇಡ ನನಗೆ.” ಆ ದಿನ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಮಾರನೇ ದಿನ ಇನ್ನೊಂದು ಕೆಪಾಸಿಟರ್ ತಂದು ಬೆಸೆಯುತ್ತಾರೆ. ಈ ಸಲ ಕೂರುತ್ತದೆ.

ಕೊನೆಗೆ ಅಕ್ಕ ಮಂಚವನ್ನೇ ಸರಿಸಬೇಕೆನ್ನುತ್ತಾರೆ. ಒಳಗೋಡೆಯಿಂದ ಕಿಟಕಿಯ ಕೆಳಗೆ. ಅಲ್ಲಿ ಟವರಿಗೆ ದಾರಿ ಸುಲಭ, ಫೋನು ಅಷ್ಟು ಕಿರುಚಬೇಕಾಗಿಲ್ಲ. ಕಿಟಕಿ ಗಾಳಿಗೆ ಇವರಿಗೆ ನೆಗಡಿಯಾದರೆ ಏನು ಗತಿ ಎಂದು ಹೆಂಡತಿ ತಕರಾರು ತೆಗೆಯುತ್ತಾರೆ. ನೆಗಡಿಗೆ ಔಷಧ ಇದೆ ಎನ್ನುತ್ತಾರೆ ಅಕ್ಕ. ನಾನು, ಅಕ್ಕ, ಹೆಂಡತಿ ಮೂವರೂ ಸೇರಿ ಪೇಂಟರಣ್ಣನ ಸಮೇತ ಮಂಚವನ್ನು ಇಂಚಿಂಚಾಗಿ ಎಳೆಯುತ್ತೇವೆ. ಅಕ್ಕ ಆ ಮುಂಜಾನೆ ಕಳಿಸಿದ ಮೆಸೇಜುಗಳಿಗೆ ಲೆಕ್ಕವಿಲ್ಲ. ರೇಡಿಯೋ ಗೊಣಗಿ ಗೊಣಗಿ ಸುಸ್ತಾಗುತ್ತದೆ. ಫೋನು ಒಂದು ಸಲವೂ ಸುಳ್ಳು ಹೇಳುವುದಿಲ್ಲ. ಪೇಂಟರಣ್ಣ ಒತ್ತಿದಾಗ ಮಾತ್ರ ಕರೆಯುತ್ತದೆ.

ಲೇಖನ ಇಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಮನೆಗೆ ಹೋದೆ. ಮರುವಾರ ಅಂಗಡಿಗೆ ಬಂದರೆ, ಅಕ್ಕನ ಮುಖದಲ್ಲಿ ಕಳೆಯೇ ಇಲ್ಲ.

“ಸುಳ್ಳು ಕರೆ ಬಂತಾ?”

“ಯಾವ ಕರೇನೂ ಬಂದಿಲ್ಲ,” ಎನ್ನುತ್ತಾರೆ. “ಒಂದೂ ಇಲ್ಲ. ಮಂಚ ಸರಿಸಿದ ದಿನದಿಂದ.”

ಅದು ಒಳ್ಳೆಯದಲ್ಲವೇ ಎನ್ನುತ್ತೇನೆ. ಅಕ್ಕ ನನ್ನನ್ನು ದಡ್ಡರನ್ನು ನೋಡುವಂತೆ ನೋಡುತ್ತಾರೆ. ಮೊನ್ನೆ ಹೆಂಡತಿ ಊಟದ ಬಿಡುವಿನಲ್ಲಿ ಹೋದಾಗ ಪೇಂಟರಣ್ಣನ ಬಾಯಿ ಒಣಗಿ ನಾಲಗೆ ಅಂಟಿಕೊಂಡಿತ್ತಂತೆ. ಅದರ ಹಿಂದಿನ ದಿನ ಬಟ್ಟೆ ಒದ್ದೆಯಾಗಿ, ಹಾಗೇ ಗಂಟೆಗಟ್ಟಲೆ ಮಲಗಿದ್ದರಂತೆ. ಗುಂಡಿ ಗದ್ದದ ಪಕ್ಕದಲ್ಲೇ ಇತ್ತು. ಒತ್ತಿರಲಿಲ್ಲ. ಯಾಕ್ರೀ ಒತ್ತಲಿಲ್ಲ ಎಂದು ಹೆಂಡತಿ ಗದರಿದರೆ, ನೀನು ಸುಮ್ಮನೆ ಓಡಿಬರುತ್ತೀ, ಮತ್ತೆ ಕೆಲಸದ ಕಡೆ ಬೈಗುಳ ಕೇಳಬೇಕಾಗುತ್ತೆ, ನಿಜವಾದ ಕಷ್ಟಕ್ಕೆ ಇರಲಿ ಎಂದು ಉಳಿಸಿಕೊಂಡಿದ್ದೇನೆ ಎಂದರಂತೆ.

“ಉಳಿಸ್ಕೊಂಡಿದ್ದಾರಂತೆ,” ಎನ್ನುತ್ತಾರೆ ಅಕ್ಕ. “ಇವಳು ಮತ್ತೆ ಬರದೇ ಇರ್ತಾಳೇನೋ ಅಂತ ಹೆದರಿಕೆ ಅವ್ರಿಗೆ. ಬಾಯಲ್ಲಿ ಹೇಳಲ್ಲ. ಫೋನ್ ರಿಪೇರಿ ಆಗಿದೆ, ಸರಿ. ಒತ್ತದೇ ಇರೋ ಗುಂಡಿ ಇದ್ರೆಷ್ಟು ಬಿಟ್ರೆಷ್ಟು. ದೊಡ್ಡಣ್ಣ ನಾಳಿದ್ದು ಬರ್ತಾರೆ. ಬಾಯಿ ಒಣಗಿ ಮಲಗಿರೋ ತಮ್ಮನ್ನ ನೋಡಿದ್ರೆ ಅವತ್ತೇ ಗಾಡಿ ತರಿಸ್ತಾರೆ.”

ಅಕ್ಕ ಒಡೆದ ಗಾಜಿನ ಫೋನೊಂದನ್ನು ಎತ್ತಿಕೊಂಡು ಕೆಲಸಕ್ಕೆ ಕೂರುತ್ತಾರೆ. ಈ ಕೆಲಸಕ್ಕೆ ಅವರ ಬಳಿ ಯಾವ ಬೆಸುಗೆಯೂ ಇಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಪೇಂಟರಣ್ಣನ ಹೆಂಡತಿ ಅಂಗಡಿಯ ಮುಂದೆ ಬಂದು ನಿಲ್ಲುತ್ತಾರೆ. ಏಪ್ರನ್ ಕೂಡ ಬಿಚ್ಚಿಲ್ಲ, ಏದುಸಿರು ಬಿಡುತ್ತಿದ್ದಾರೆ. ಅಕ್ಕನ ಕೈಯಲ್ಲಿದ್ದ ಚಿಮಟ ಮೇಜಿನ ಮೇಲೆ ಬೀಳುತ್ತದೆ.

“ಏನಾಯ್ತೇ?”

“ಕರೆ ಬಂತು ಅಕ್ಕ. ಓಡಿದೆ.”

“ಸುಳ್ಳಾ?”

“ಅಲ್ಲ. ಅವ್ರೇ ಒತ್ತಿದ್ದು.” ಆಕೆ ಉಸಿರು ಎಳೆದುಕೊಳ್ಳುತ್ತಾರೆ. “ಜೀವ ಹೋಗೋ ಹಾಗೆ ಓಡಿ ಬಾಗಿಲು ತೆಗೆದ್ರೆ, ಆರಾಮಾಗಿದ್ದಾರೆ. ಏನ್ರೀ ಅಂದ್ರೆ, ಕಿಟಕಿಯಿಂದ ಬಿಸಿಲು ಕಣ್ಣಿಗೆ ಹೊಡೀತಿತ್ತು, ಪರದೆ ಎಳೀತೀಯಾ ಅಂತಾರೆ. ಇಷ್ಟಕ್ಕೆ ಕರೆದ್ರಾ ಅಂತ ಚೆನ್ನಾಗಿ ಬೈದೆ. ನಗ್ತಾರೆ ಅಕ್ಕ. ಬಂದ್ಯಲ್ಲ ಅಂತಾರೆ. ಪರದೆ ಎಳೆದು ನಿಮಗೆ ಹೇಳಿ ಹೋಗೋಣ ಅಂತ ಬಂದೆ.”

ಅಕ್ಕ ಕನ್ನಡಕ ತೆಗೆಯುತ್ತಾರೆ. ಏಪ್ರನ್ನಿನ ತುದಿಯಲ್ಲಿ ಮುಖ ಒರೆಸಿಕೊಳ್ಳುತ್ತಿರುವ ಆಕೆಯತ್ತ ನೀರಿನ ಬಾಟಲಿ ಸರಿಸುತ್ತಾರೆ. ಆಮೇಲೆ ನನ್ನ ಕಡೆ ತಿರುಗುತ್ತಾರೆ.

“ಬಿಸಿಲಿಗೆ ಕರೆದ್ರಂತೆ,” ಎನ್ನುತ್ತಾರೆ. “ಈಗ ಬರ್ಕೊಳ್ಳಿ, ರಿಪೇರಿ ಆಯ್ತು ಅಂತ.”